ರಜೆಗೆ ಹೊರಟಾಗ ಆಫೀಸ್ ಲ್ಯಾಪ್‌ಟಾಪ್, ಫೋನ್ ಜೋಪಾನ: ಮನೆ ಬಿಡುವ ಮುಂಚಿನಿಂದ ವಾಪಸ್ ಬರುವವರೆಗೆ

ಲಾಂಗ್ ವೀಕೆಂಡ್‌ಗೆ ಹಿಂದಿನ ರಾತ್ರಿ ಬೆಂಗಳೂರಿನ ಆನಂದ ರಾವ್ ಸರ್ಕಲ್ ಹತ್ತಿರ ನಿಂತು ನೋಡಿ. ಮಡಿಕೇರಿ, ಚಿಕ್ಕಮಗಳೂರು, ಗೋಕರ್ಣದ ಬಸ್ಸಿಗೆ ಕಾಯುವವರ ಬೆನ್ನಿಗೆ ಒಂದು ದೊಡ್ಡ ಬ್ಯಾಗ್, ಎದೆಗೆ ಇನ್ನೊಂದು ಬ್ಯಾಗ್. ಆ ಎರಡನೆಯದರಲ್ಲಿ ಇರುವುದು ಆಫೀಸ್ ಲ್ಯಾಪ್‌ಟಾಪ್. ಯಾಕೆ ತಂದಿರಿ ಅಂತ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಯಾವುದಕ್ಕೂ ಇರಲಿ ಅಂತ."

ನಾನು ಬೆಂಗಳೂರಿನ ಒಂದು ಕಂಪನಿಯ ಐಟಿ ಸಪೋರ್ಟ್ ತಂಡದಲ್ಲಿದ್ದೇನೆ. ದಸರಾ, ಡಿಸೆಂಬರ್ ಕೊನೆ, ಬೇಸಿಗೆ ರಜೆ ಬಂತೆಂದರೆ ನಮಗೆ ಬರುವ ಕರೆಗಳು ಬದಲಾಗುತ್ತವೆ. ಬಸ್ಸಲ್ಲಿ ಬ್ಯಾಗ್ ಬಿಟ್ಟೆ. ಫೋನ್ ನೀರಿಗೆ ಬಿತ್ತು, ಲಾಗಿನ್ ಆಗೋಕೆ ಆಗ್ತಿಲ್ಲ. ಯಾರೋ ಐಟಿಯವರು ಅಂತ ಕಾಲ್ ಮಾಡಿದ್ರು, ಕೋಡ್ ಕೊಟ್ಟುಬಿಟ್ಟೆ. ಇಂಥ ಕರೆ ಮಾಡುವವರ ದನಿಯಲ್ಲಿರುವ ಗಾಬರಿ ಕೇಳಿ ಕೇಳಿಯೇ ಇದನ್ನು ಬರೆಯಲು ಕೂತೆ. ಸಿನಿಮಾದಲ್ಲಿ ತೋರಿಸುವ ಹ್ಯಾಕರ್ ಇವುಗಳಲ್ಲಿ ಕಾಣುವುದೇ ಅಪರೂಪ. ಕಾಣುವುದು ಕಳೆದುಹೋದ ಬ್ಯಾಗ್, ಅವಸರದಲ್ಲಿ ಒತ್ತಿದ ಒಂದು ಬಟನ್, ಮತ್ತು ತಡವಾಗಿ ಹೇಳಿದ ಸುದ್ದಿ. ಈ ಮೂರನ್ನೂ ಮನೆಯಲ್ಲಿ ಕೂತು, ಸಮಾಧಾನದಲ್ಲಿ, ಮೊದಲೇ ಯೋಚಿಸಿ ತಡೆಯಬಹುದು.

ಹಂತ 1: ತಗೊಂಡು ಹೋಗಲೇಬೇಕಾ?

ಎಲ್ಲಕ್ಕಿಂತ ದೊಡ್ಡ ರಕ್ಷಣೆ ಲ್ಯಾಪ್‌ಟಾಪನ್ನು ಮನೆಯಲ್ಲಿ ಬಿಡುವುದು. ಬೀರುವಿನಲ್ಲಿ ಬೀಗ ಹಾಕಿಟ್ಟ ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆಯುವುದಿಲ್ಲ, ಹೋಮ್‌ಸ್ಟೇ ವೈಫೈಗೂ ಸೇರುವುದಿಲ್ಲ.

ಹೊರಡುವ ಹದಿನೈದು ದಿನ ಮೊದಲು ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿ. "ನಾನು ಈ ತಾರೀಖಿನಿಂದ ಈ ತಾರೀಖಿನವರೆಗೆ ರಜೆ. ಲ್ಯಾಪ್‌ಟಾಪ್ ತಗೊಂಡು ಹೋಗುತ್ತಿಲ್ಲ. ನನ್ನ ಕೆಲಸ ಇಂಥವರು ನೋಡಿಕೊಳ್ಳುತ್ತಾರೆ" ಅಂತ ನೇರವಾಗಿ ಬರೆಯಿರಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಆನ್‌ಕಾಲ್ ಇದ್ದರೆ ಸಹೋದ್ಯೋಗಿಯ ಜೊತೆ ವಾರ ಬದಲಾಯಿಸಿಕೊಳ್ಳಿ. ನಿಮ್ಮ ಸರದಿ ಬಂದಾಗ ನೀವೂ ಅವರಿಗೆ ಅಷ್ಟೇ ಮಾಡಿಕೊಡಿ.

ಮಲೆನಾಡಿನ ಕಡೆ ಹೊರಟಿದ್ದರೆ ಇನ್ನೊಂದು ಕೆಲಸ ಇದೆ. ಹೋಮ್‌ಸ್ಟೇ ಮಾಲೀಕರಿಗೆ ಫೋನ್ ಮಾಡಿ, "ಸಾರ್, ನಿಮ್ಮಲ್ಲಿ ಯಾವ ಸಿಮ್ ಸಿಗುತ್ತೆ?" ಅಂತ ಕೇಳಿ. ಮೂಡಿಗೆರೆ, ಸಕಲೇಶಪುರ, ಕೊಡಗಿನ ಎಸ್ಟೇಟುಗಳ ಒಳಗೆ ಎಷ್ಟೋ ಕಡೆ ಗೇಟಿನ ಹತ್ತಿರ ಒಂದು ಗೀಟು ಸಿಗ್ನಲ್ ಬಂದರೆ ಅದೇ ಜಾಸ್ತಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯುಪಿಎಸ್ ಇರುವಷ್ಟು ಹೊತ್ತು ಮಾತ್ರ ವೈಫೈ. ಅಂಥ ಕಡೆ ಹೋಗುತ್ತಾ "ಏನಾದ್ರೂ ಇದ್ರೆ ಲಾಗಿನ್ ಆಗ್ತೀನಿ" ಅಂತ ಮಾತು ಕೊಡಬೇಡಿ. ಸಿಗ್ನಲ್ ಇಲ್ಲದೆ ಒದ್ದಾಡುವಾಗಲೇ ಜನ ಸಿಕ್ಕ ಸಿಕ್ಕ ವೈಫೈಗೆ ಸೇರುವುದು.

ವಿದೇಶಕ್ಕೆ ಹೋಗುವುದಾದರೆ ಕಂಪನಿಯ ಒಪ್ಪಿಗೆ ಇಲ್ಲದೆ ಲ್ಯಾಪ್‌ಟಾಪ್ ಒಯ್ಯಲೇಬೇಡಿ. ಕ್ಲೈಂಟ್ ಜೊತೆಗಿನ ಒಪ್ಪಂದದಲ್ಲಿ ಡೇಟಾ ಭಾರತದ ಹೊರಗೆ ಹೋಗಬಾರದು ಅಂತ ಇರಬಹುದು. ವೈಯಕ್ತಿಕ ಡೇಟಾ ಸಂರಕ್ಷಣೆಯ 2023ರ ಕಾಯ್ದೆಯಲ್ಲಿ, ಡೇಟಾ ಕಾಪಾಡಲು ಸರಿಯಾದ ಕ್ರಮ ತೆಗೆದುಕೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ಕಂಪನಿಗಳು ಈ ವಿಷಯದಲ್ಲಿ ಕಟ್ಟುನಿಟ್ಟಾಗಿರುವುದು ಸುಮ್ನೆ ಅಲ್ಲ.

ಹಂತ 2: ಒಂದು ವಾರ ಮೊದಲು, ಮನೆಯಲ್ಲಿ ಕೂತು

ಒಯ್ಯಲೇಬೇಕು ಅಂತ ತೀರ್ಮಾನವಾಯಿತಾ? ಹಾಗಾದರೆ ಒಂದು ಸಂಜೆ ಇದಕ್ಕೆ ಇಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ.

ಮೊದಲು ಅಪ್‌ಡೇಟ್. ಲ್ಯಾಪ್‌ಟಾಪ್, ಫೋನ್, ಬ್ರೌಸರ್ ಮೂರನ್ನೂ ಮನೆಯ ಇಂಟರ್ನೆಟ್‌ನಲ್ಲೇ ಅಪ್‌ಡೇಟ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಹೋಟೆಲಿಗೆ ಹೋದ ಮೇಲೆ ಮಾಡಿದರಾಯ್ತು ಅಂತ ಬಿಡಬೇಡಿ. ಇದಕ್ಕೆ ಒಂದು ಹಿನ್ನೆಲೆ ಇದೆ. 2014ರಲ್ಲಿ ಕ್ಯಾಸ್ಪರ್ಸ್ಕಿ ಎಂಬ ಸೈಬರ್ ಭದ್ರತಾ ಸಂಸ್ಥೆ 'ಡಾರ್ಕ್‌ಹೋಟೆಲ್' ಎಂಬ ಗುಂಪಿನ ಬಗ್ಗೆ ವರದಿ ಮಾಡಿತು. ಏಷ್ಯಾದ ದೊಡ್ಡ ಹೋಟೆಲುಗಳಲ್ಲಿ ತಂಗುತ್ತಿದ್ದ ಕಂಪನಿ ಅಧಿಕಾರಿಗಳೇ ಅವರ ಗುರಿ. ಅತಿಥಿ ಹೋಟೆಲ್ ವೈಫೈಗೆ ಸೇರಿದ ಕೂಡಲೇ ಪರಿಚಿತ ಸಾಫ್ಟ್‌ವೇರಿನ ಅಪ್‌ಡೇಟ್ ಬಂದಿದೆ ಅಂತ ಒಂದು ಕಿಟಕಿ ತೆರೆಯುತ್ತಿತ್ತು. ನಂಬಿ ಹಾಕಿಕೊಂಡರೆ ಒಳಗೆ ಬರುತ್ತಿದ್ದುದು ಗೂಢಚಾರಿಕೆಯ ತಂತ್ರಾಂಶ. ಮನೆಯಲ್ಲೇ ಅಪ್‌ಡೇಟ್ ಮುಗಿಸಿದವರು ಪ್ರವಾಸದಲ್ಲಿ ಬರುವ ಅಂಥ ಯಾವ ಕಿಟಕಿಯನ್ನೂ ಧೈರ್ಯವಾಗಿ ಮುಚ್ಚಬಹುದು.

ಎರಡನೆಯದು ಡಿಸ್ಕ್ ಎನ್‌ಕ್ರಿಪ್ಷನ್, ಅಂದರೆ ಕೀಲಿ ಇಲ್ಲದೆ ಓದಲಾಗದಂತೆ ಡಿಸ್ಕಿನ ಡೇಟಾವನ್ನು ಗುಪ್ತ ರೂಪಕ್ಕೆ ತಿರುಗಿಸಿಡುವುದು. ತುಂಬಾ ಜನ ಲಾಗಿನ್ ಪಾಸ್‌ವರ್ಡ್ ಇದ್ದರೆ ಸಾಕು ಅಂದುಕೊಳ್ಳುತ್ತಾರೆ. ಸಾಲುವುದಿಲ್ಲ. ಕದ್ದವನು ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿದರೆ ಪಾಸ್‌ವರ್ಡ್ ಹಾಕದೆಯೇ ಫೈಲುಗಳು ತೆರೆಯುತ್ತವೆ. ಎನ್‌ಕ್ರಿಪ್ಷನ್ ಇದ್ದರೆ ಅವನಿಗೆ ಸಿಗುವುದು ಅರ್ಥವಿಲ್ಲದ ಅಕ್ಷರಗಳ ರಾಶಿ ಮಾತ್ರ. ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ 'ಬಿಟ್‌ಲಾಕರ್' ಅಂತ ಹುಡುಕಿ, ಆನ್ ಇದೆಯಾ ನೋಡಿ. ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ 'ಫೈಲ್‌ವಾಲ್ಟ್' ಇರುತ್ತದೆ. ಆಫ್ ಇದ್ದರೆ ಐಟಿಯವರಿಗೆ ಹೇಳಿ ಆನ್ ಮಾಡಿಸಿ. ಆ ಎನ್‌ಕ್ರಿಪ್ಷನ್ ತೆರೆಯುವ ರಿಕವರಿ ಕೀ ಬರೆದ ಚೀಟಿಯನ್ನು ಮಾತ್ರ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಡಬೇಡಿ. ಅದು ಬೀಗದ ಜೊತೆಗೇ ಬೀಗದಕೈ ಕಟ್ಟಿಟ್ಟಂತೆ.

ಮೂರನೆಯದು ಫೋನ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈಗ ಆಫೀಸ್ ಲಾಗಿನ್‌ನ ಕೀಲಿ ಇರುವುದೇ ಫೋನಿನಲ್ಲಿ. ಒಟಿಪಿ ಬರುವುದು ಅಲ್ಲಿಗೆ, ಲಾಗಿನ್‌ಗೆ ಕೋಡ್ ಕೊಡುವ ಅಥವಾ ಒಪ್ಪಿಗೆ ಕೇಳುವ ಅಥೆಂಟಿಕೇಟರ್ ಆ್ಯಪ್ ಇರುವುದೂ ಅಲ್ಲೇ.

ಲಾಕ್‌ಗೆ ನಾಲ್ಕು ಅಂಕಿಯ ಬದಲು ಆರು ಅಂಕಿ ಇಡಿ. ಹುಟ್ಟಿದ ವರ್ಷ, ಗಾಡಿ ನಂಬರ್ ಬೇಡ. ಲಾಕ್ ಆಗಿರುವಾಗ ಪರದೆಯ ಮೇಲೆ ಮೆಸೇಜಿನ ಒಳಗಿನ ಮಾತು ಕಾಣದಂತೆ ಸೆಟ್ಟಿಂಗ್ ಬದಲಾಯಿಸಿ. ಇಲ್ಲದಿದ್ದರೆ ಫೋನ್ ತೆರೆಯದೆಯೇ ಒಟಿಪಿ ಓದಬಹುದು.

ಆಮೇಲೆ ಸಿಮ್ ಲಾಕ್. ಇದನ್ನು ಮಾಡಿಕೊಂಡವರು ಬಹಳ ಕಡಿಮೆ. ಫೋನ್ ಲಾಕ್ ಎಷ್ಟೇ ಗಟ್ಟಿ ಇರಲಿ, ಕಳ್ಳ ಸಿಮ್ ತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ನಿಮ್ಮ ಒಟಿಪಿಗಳು ಅವನಿಗೆ ಬರುತ್ತವೆ. ಸಿಮ್‌ಗೆ ಪಿನ್ ಇದ್ದರೆ ಬೇರೆ ಫೋನಿಗೆ ಹಾಕಿದಾಗ ಆ ಪಿನ್ ಕೇಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಸಿಮ್ ಪಿನ್' ಅಥವಾ 'ಸಿಮ್ ಲಾಕ್' ಅಂತ ಹುಡುಕಿ. ಒಂದು ಎಚ್ಚರ: ಮೊದಲ ಸಲ ಕೇಳುವುದು ಸಿಮ್ ಕಂಪನಿ ಕೊಟ್ಟಿರುವ ಪಿನ್. ಊಹೆ ಮಾಡಿ ಹಾಕಬೇಡಿ. ಮೂರು ಸಲ ತಪ್ಪಿದರೆ ಪಿಯುಕೆ ಎಂಬ ಇನ್ನೊಂದು ಸಂಖ್ಯೆ ಬೇಕಾಗುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ತಿಳಿದುಕೊಂಡೇ ಹಾಕಿ. ಹೊರಡುವ ಹಿಂದಿನ ದಿನ ಅಲ್ಲ, ಒಂದು ವಾರ ಮೊದಲು.

ಅಥೆಂಟಿಕೇಟರ್ ಇರುವ ಫೋನೇ ಕಳೆದರೆ? ಇದಕ್ಕೆ ಎರಡನೇ ದಾರಿ ಈಗಲೇ ಮಾಡಿಕೊಳ್ಳಿ. ಫೋನ್ ಇಲ್ಲದಾಗ ಲಾಗಿನ್‌ಗೆ ಬಳಸುವ ಬ್ಯಾಕಪ್ ಕೋಡ್ ಸಿಗುವ ವ್ಯವಸ್ಥೆ ಇದ್ದರೆ ತೆಗೆದು, ಕಾಗದದಲ್ಲಿ ಬರೆದು, ಫೋನ್ ಮತ್ತು ಲ್ಯಾಪ್‌ಟಾಪ್ ಎರಡರಿಂದಲೂ ದೂರ ಇಡಿ. ಕಳೆದ ಫೋನ್ ಎಲ್ಲಿದೆ ಅಂತ ತೋರಿಸುವ 'ಫೈಂಡ್ ಮೈ' (ಐಫೋನ್) ಅಥವಾ 'ಫೈಂಡ್ ಹಬ್' (ಆಂಡ್ರಾಯ್ಡ್) ಆನ್ ಇದೆಯಾ ಒಮ್ಮೆ ಪರೀಕ್ಷಿಸಿ. ಐಫೋನ್ ಇರುವವರು 'ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್' ಆನ್ ಮಾಡಿಕೊಳ್ಳಿ. 2024ರ ಜನವರಿಯಲ್ಲಿ ಐಓಎಸ್ 17.3 ಜೊತೆ ಬಂದ ಸೌಲಭ್ಯ ಇದು. ಪಾಸ್‌ಕೋಡ್ ಕದ್ದು ನೋಡಿದವನೂ ನಿಮ್ಮ ಖಾತೆಯ ಪಾಸ್‌ವರ್ಡನ್ನು ಸುಲಭವಾಗಿ ಬದಲಾಯಿಸಲಾರ.

ನಾಲ್ಕನೆಯದು ಒಂದು ಚೀಟಿ. ಹೌದು, ಕಾಗದದ ಚೀಟಿಯೇ. ಅದರಲ್ಲಿ ಐಟಿ ಹೆಲ್ಪ್‌ಡೆಸ್ಕ್ ನಂಬರ್, ಮ್ಯಾನೇಜರ್ ನಂಬರ್, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್, ಫೋನಿನ ಐಎಂಇಐ ನಂಬರ್ (ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ) ಬರೆಯಿರಿ. *#06# ಒತ್ತಿದರೆ ಐಎಂಇಐ ಕಾಣುತ್ತದೆ. ಚೀಟಿಯನ್ನು ಪರ್ಸ್‌ನಲ್ಲಿಡಿ, ಒಂದು ಪ್ರತಿ ಮನೆಯವರ ಕೈಗೂ ಕೊಡಿ. ಫೋನ್ ಕಳೆದವರು ಇನ್ನೊಬ್ಬರ ಫೋನಿನಿಂದ ನಮಗೆ ಕರೆ ಮಾಡಲು ಒದ್ದಾಡುವುದೇ ನಂಬರ್ ನೆನಪಿಲ್ಲದೆ. ಎಲ್ಲ ನಂಬರ್ ಕಳೆದ ಫೋನಿನಲ್ಲೇ ಇರುತ್ತದೆ ಅಲ್ವಾ?

ಕೊನೆಗೆ, ಬೇಡದ್ದನ್ನು ಇಳಿಸಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿರುವ ಸಂಬಳದ ಶೀಟ್, ಗ್ರಾಹಕರ ಪಟ್ಟಿ ನಿಮ್ಮ ಜೊತೆ ಗೋಕರ್ಣಕ್ಕೆ ಬರಬೇಕಾಗಿಲ್ಲ. ಕಂಪನಿಯ ಡ್ರೈವ್‌ಗೆ ಹಾಕಿ, ಲ್ಯಾಪ್‌ಟಾಪಿನಿಂದ ಅಳಿಸಿ. ಆಂಡ್ರಾಯ್ಡ್ ಫೋನಿನಲ್ಲಿ ಕಂಪನಿಯ 'ವರ್ಕ್ ಪ್ರೊಫೈಲ್' ಇದ್ದರೆ ಆಫೀಸ್ ಆ್ಯಪ್‌ಗಳನ್ನೆಲ್ಲ ಒಟ್ಟಿಗೆ ನಿಲ್ಲಿಸುವ ಬಟನ್ ಇರುತ್ತದೆ. ಬಸ್ ಹತ್ತುವ ಮುಂಚೆ ಅದನ್ನು ಒತ್ತಿ. ಮೇಲ್ ಬರುವುದಿಲ್ಲ, ಚಾಟ್ ಬರುವುದಿಲ್ಲ. ರಜೆಗೂ ಒಳ್ಳೆಯದು, ಸುರಕ್ಷತೆಗೂ ಒಳ್ಳೆಯದು.

ಹಂತ 3: ರಜೆಯ ಆಟೋ ರಿಪ್ಲೈ

"ನಾನು 20ರಿಂದ 28ರವರೆಗೆ ಕುಟುಂಬದ ಜೊತೆ ಥಾಯ್ಲೆಂಡ್‌ನಲ್ಲಿರುತ್ತೇನೆ. ಪೇಮೆಂಟ್ ವಿಷಯಕ್ಕೆ ಇಂಥವರನ್ನು, ಅವರು ಸಿಗದಿದ್ದರೆ ಇಂಥವರನ್ನು ಸಂಪರ್ಕಿಸಿ." ಇದು ಸಭ್ಯವಾದ ಉತ್ತರದಂತೆ ಕಾಣುತ್ತದೆ. ಆದರೆ ಇದನ್ನು ಓದಿದ ಮೋಸಗಾರನಿಗೆ ಎಷ್ಟು ವಿಷಯ ತಿಳಿಯಿತು ನೋಡಿ. ನಿಮ್ಮ ಮನೆ ಖಾಲಿ ಇದೆ. ನೀವು ಬೇಗ ಫೋನಿಗೆ ಸಿಗುವುದಿಲ್ಲ. ಹಣ ಕಳಿಸುವವರ ಹೆಸರೂ ಗೊತ್ತಾಯಿತು. ಇನ್ನು ನಿಮ್ಮ ಹೆಸರಿನಲ್ಲಿ ಅಕೌಂಟ್ಸ್‌ನವರಿಗೆ "ನಾನು ಪ್ರಯಾಣದಲ್ಲಿದ್ದೇನೆ, ಈ ಬಿಲ್ ಇವತ್ತೇ ಕಟ್ಟಿ" ಅಂತ ಬರೆಯುವುದಷ್ಟೇ ಬಾಕಿ.

ಔಟ್‌ಲುಕ್‌ನಲ್ಲಿ ಕಂಪನಿಯ ಒಳಗಿನವರಿಗೆ ಒಂದು, ಹೊರಗಿನವರಿಗೆ ಇನ್ನೊಂದು ಉತ್ತರ ಇಡಬಹುದು. ಹೊರಗಿನವರಿಗೆ ಇಷ್ಟು ಸಾಕು: "ಸದ್ಯ ಮೇಲ್ ನೋಡುತ್ತಿಲ್ಲ. ತುರ್ತು ಇದ್ದರೆ ನಮ್ಮ ತಂಡದ ಸಾಮಾನ್ಯ ವಿಳಾಸಕ್ಕೆ ಬರೆಯಿರಿ." ಊರು, ತಾರೀಖು, ಹೆಸರು ಬೇಡ.

ಹಂತ 4: ದಾರಿಯಲ್ಲಿ

ಬಸ್ಸಿನ ಡಿಕ್ಕಿಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕಬೇಡಿ. ಸ್ಲೀಪರ್ ಬಸ್ಸಾದರೆ ತಲೆಯ ಕಡೆ ಅಥವಾ ಗೋಡೆಯ ಕಡೆ ಇಟ್ಟುಕೊಳ್ಳಿ. ಊಟಕ್ಕೆ ನಿಲ್ಲಿಸಿದಾಗ ಬ್ಯಾಗ್ ನಿಮ್ಮ ಜೊತೆಯೇ ಇಳಿಯಲಿ. ರೈಲಿನಲ್ಲಿ ಕೆಳಗಿನ ಬರ್ತ್ ಅಡಿಯಿರುವ ಕಬ್ಬಿಣದ ಬಳೆಗೆ ಚೈನ್ ಹಾಕಿ ಬೀಗ ಜಡಿಯಿರಿ. ಬಾಗಿಲ ಪಕ್ಕದ ಪ್ಲಗ್‌ನಲ್ಲಿ ಫೋನ್ ಚಾರ್ಜಿಗಿಟ್ಟು ಮಲಗಬೇಡಿ.

ವಿಮಾನದಲ್ಲಿ ಲ್ಯಾಪ್‌ಟಾಪ್ ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕನ್ನು ಚೆಕ್ ಇನ್ ಲಗೇಜಿಗೆ ಹಾಕಲು ಬಿಡುವುದೂ ಇಲ್ಲ. 100 ವ್ಯಾಟ್ ಅವರ್‌ವರೆಗಿನದಕ್ಕೆ ವಿಶೇಷ ಅನುಮತಿ ಬೇಡ. ಅಂದರೆ ಸುಮಾರು 27,000 ಎಂಎಎಚ್. ಸೆಕ್ಯುರಿಟಿಯಲ್ಲಿ ಟ್ರೇ ಯಂತ್ರದ ಒಳಗೆ ಹೋಗುವುದನ್ನು ನೋಡಿಯೇ ನೀವು ಮುಂದೆ ಹೋಗಿ. ಒಂದೇ ಬಣ್ಣದ ಹತ್ತು ಲ್ಯಾಪ್‌ಟಾಪ್ ಒಟ್ಟಿಗೆ ಆಚೆ ಬರುತ್ತವೆ. ನಿಮ್ಮದರ ಮೇಲೆ ಒಂದು ಬಣ್ಣದ ಸ್ಟಿಕ್ಕರ್ ಅಂಟಿಸಿರಿ, ಆದರೆ ಕಂಪನಿಯ ಹೆಸರಿರುವ ಸ್ಟಿಕ್ಕರ್ ಅಲ್ಲ.

ಕೂತ ಜಾಗದಿಂದ ಏಳುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ. ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಕ್ಯೂ. ಶತಾಬ್ದಿಯಲ್ಲಿ, ವಂದೇ ಭಾರತ್‌ನಲ್ಲಿ ಜೋರಾಗಿ ಕ್ಲೈಂಟ್ ಹೆಸರು ಹೇಳಿ ಮಾತನಾಡುವವರನ್ನು ನೀವೂ ಕೇಳಿರುತ್ತೀರಿ. ಅದೂ ಮಾಹಿತಿ ಸೋರಿಕೆಯೇ.

ನಿಲ್ದಾಣದ ಯುಎಸ್‌ಬಿ ಪಾಯಿಂಟಿನಲ್ಲಿ ಚಾರ್ಜ್ ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. 2023ರಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಇದರ ಬಗ್ಗೆ ಎಚ್ಚರಿಸಿದ ಮೇಲೆ ಭಯ ಹೆಚ್ಚಾಯಿತು. ನಾನು ಇದನ್ನು ದೊಡ್ಡ ಅಪಾಯಗಳ ಸಾಲಿಗೆ ಸೇರಿಸುವುದಿಲ್ಲ. ನಿಮ್ಮ ಚಾರ್ಜರನ್ನೇ ಗೋಡೆಯ ಪ್ಲಗ್‌ಗೆ ಹಾಕಿ, ಇಲ್ಲವೇ ಪವರ್ ಬ್ಯಾಂಕ್ ಬಳಸಿ. ಯುಎಸ್‌ಬಿಯನ್ನೇ ಬಳಸಬೇಕಾಗಿ ಬಂದರೆ ಫೋನ್ ಲಾಕ್ ಮಾಡಿಡಿ. 'ಟ್ರಸ್ಟ್' ಅಥವಾ 'ಫೈಲ್ ಟ್ರಾನ್ಸ್‌ಫರ್' ಅಂತ ಕೇಳಿದರೆ ಬೇಡ ಅನ್ನಿ.

ಹಂತ 5: ವೈಫೈ

ಇಲ್ಲಿ ಹಳೆಯ ಭಯಗಳೂ ನಿಜವಾದ ಅಪಾಯಗಳೂ ಕಲಸಿಹೋಗಿವೆ. ಬಿಡಿಸಿ ಹೇಳುತ್ತೇನೆ.

ಈಗ ಬಹುತೇಕ ಎಲ್ಲ ಜಾಲತಾಣಗಳೂ ಎಚ್‌ಟಿಟಿಪಿಎಸ್ ಬಳಸುತ್ತವೆ, ಅಂದರೆ ನಿಮಗೂ ತಾಣಕ್ಕೂ ನಡುವೆ ಹೋಗುವ ಮಾಹಿತಿ ಎನ್‌ಕ್ರಿಪ್ಟ್ ಆಗಿರುತ್ತದೆ. ಹಾಗಾಗಿ ಪಕ್ಕದ ಟೇಬಲ್‌ನಲ್ಲಿ ಕೂತವನು ನಿಮ್ಮ ಬ್ಯಾಂಕ್ ಪಾಸ್‌ವರ್ಡನ್ನು ಗಾಳಿಯಲ್ಲೇ ಹಿಡಿದು ಓದುವುದು ಸುಲಭವಲ್ಲ. ಅಪಾಯ ಇರುವುದು ನೀವಾಗಿಯೇ ಟೈಪ್ ಮಾಡಿ ಕೊಡುವುದರಲ್ಲಿ. 2024ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು ಒಬ್ಬನ ಮೇಲೆ ಕೇಸು ಹಾಕಿದರು. ಪರ್ತ್, ಮೆಲ್ಬರ್ನ್, ಅಡಿಲೇಡ್ ವಿಮಾನ ನಿಲ್ದಾಣಗಳಲ್ಲಿ, ಹಾರುತ್ತಿದ್ದ ವಿಮಾನಗಳ ಒಳಗೂ ಆತ ಅಸಲಿ ಹೆಸರಿನಂತೆ ಕಾಣುವ ನಕಲಿ ವೈಫೈ ಎಬ್ಬಿಸಿದ್ದ. ಸೇರಿದವರಿಗೆ ಒಂದು ಪುಟ ತೆರೆಯುತ್ತಿತ್ತು. "ನಿಮ್ಮ ಇಮೇಲ್ ಅಥವಾ ಸೋಷಿಯಲ್ ಮೀಡಿಯಾ ಲಾಗಿನ್ ಹಾಕಿ" ಅಂತ ಕೇಳುತ್ತಿತ್ತು. ಹಾಕಿದರೆ ಅದು ನೇರ ಅವನ ಕೈಗೆ. ಇದು ಬೆಳಕಿಗೆ ಬಂದಿದ್ದು ವಿಮಾನದ ಸಿಬ್ಬಂದಿಗೆ ವಿಚಿತ್ರ ವೈಫೈ ಹೆಸರು ಕಂಡು ಅನುಮಾನ ಬಂದಿದ್ದರಿಂದ.

ನಮ್ಮ ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್‌ನ ರೈಲ್‌ವೈರ್ ವೈಫೈ ಇದೆ. ಅದು ಮೊಬೈಲ್ ನಂಬರ್ ಕೇಳಿ ಒಟಿಪಿ ಕಳಿಸುತ್ತದೆ. ಅಷ್ಟು ಸರಿ. ಯಾವುದೇ ವೈಫೈ ಪುಟ ನಿಮ್ಮ ಮೇಲ್ ಪಾಸ್‌ವರ್ಡ್, ಕಂಪನಿ ಲಾಗಿನ್, ಕಾರ್ಡ್ ವಿವರ ಕೇಳಿತು ಅಂದರೆ ತಕ್ಷಣ ಮುಚ್ಚಿ ಹೊರಗೆ ಬನ್ನಿ. ಯಾವುದಾದರೂ ಆ್ಯಪ್ ಹಾಕಿಕೊಳ್ಳಿ ಅಂದರೂ ಅಷ್ಟೇ.

ಆಫೀಸ್ ಕೆಲಸಕ್ಕೆ ನಾನು ಎಲ್ಲರಿಗೂ ಹೇಳುವುದು ಹೀಗೆ. ಮೊದಲ ಆಯ್ಕೆ ನಿಮ್ಮದೇ ಫೋನಿನ ಹಾಟ್‌ಸ್ಪಾಟ್, ಪಾಸ್‌ವರ್ಡ್ ಹಾಕಿದ್ದು. ಅದು ಆಗದಿದ್ದರೆ ಹೋಟೆಲ್ ಅಥವಾ ಹೋಮ್‌ಸ್ಟೇ ವೈಫೈ. ಸರಿಯಾದ ಹೆಸರನ್ನು ಅಲ್ಲಿಯವರ ಬಾಯಿಂದಲೇ ಕೇಳಿ ಸೇರಿ. ವಿಂಡೋಸ್ ಕೇಳಿದರೆ 'ಪಬ್ಲಿಕ್ ನೆಟ್‌ವರ್ಕ್' ಆರಿಸಿ. ಆಮೇಲೆ ಕಂಪನಿಯ ವಿಪಿಎನ್ ಹಾಕಿ, ಅಂದರೆ ನಿಮ್ಮ ಡೇಟಾವನ್ನು ಗುಪ್ತವಾಗಿ ಕಂಪನಿಯ ನೆಟ್‌ವರ್ಕ್‌ಗೆ ಒಯ್ಯುವ ಸಂಪರ್ಕ. ಹೋಟೆಲಿನ ಲಾಗಿನ್ ಪುಟ ಮುಗಿಯುವ ತನಕ ವಿಪಿಎನ್ ಸೇರುವುದಿಲ್ಲ, ಗಾಬರಿಯಾಗಬೇಡಿ. ಪುಟ ಮುಗಿಸಿ, ವಿಪಿಎನ್ ಹಾಕಿ, ಅದು ಸೇರಿದ ಮೇಲೆ ಮಾತ್ರ ಮೇಲ್ ತೆರೆಯಿರಿ. ವಿಪಿಎನ್ ಸೇರಲೇ ಇಲ್ಲವೆಂದರೆ ಅಲ್ಲಿ ಆಫೀಸ್ ಕೆಲಸ ಇಲ್ಲ. ಪ್ಲೇ ಸ್ಟೋರಿನಿಂದ ಯಾವುದೋ ಉಚಿತ ವಿಪಿಎನ್ ಹಾಕಿಕೊಂಡು ಅಡ್ಡದಾರಿ ಹಿಡಿಯಬೇಡಿ. ನಿಮ್ಮ ಡೇಟಾವನ್ನೆಲ್ಲ ಅಪರಿಚಿತರ ಮೂಲಕ ಕಳಿಸಿದ ಹಾಗಾಗುತ್ತದೆ.

ಬ್ರೌಸರ್ 'ಈ ತಾಣ ಸುರಕ್ಷಿತವಲ್ಲ, ಸರ್ಟಿಫಿಕೇಟ್ ತಪ್ಪಾಗಿದೆ' ಅಂತ ಕೆಂಪು ಪುಟ ತೋರಿಸಿದರೆ 'ಆದರೂ ಮುಂದುವರಿಸಿ' ಒತ್ತಬೇಡಿ. ಮನೆಯಲ್ಲಿ ಎಂದೂ ಬಾರದ ಎಚ್ಚರಿಕೆ ಹೊರಗಿನ ವೈಫೈನಲ್ಲಿ ಬಂದರೆ ಅದಕ್ಕೆ ಕಾರಣ ಇರುತ್ತದೆ. ರೂಮ್ ಬಿಡುವಾಗ ಆ ವೈಫೈಯನ್ನು 'ಫರ್ಗೆಟ್' ಮಾಡಿ.

ಹಂತ 6: ರೂಮಿನಲ್ಲಿ, ನೆಂಟರ ಮನೆಯಲ್ಲಿ

ರೂಮ್ ಬಿಟ್ಟು ಹೊರಗೆ ಹೋಗುವಾಗ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಸಾಲದು, ಪೂರ್ತಿ ಶಟ್‌ಡೌನ್ ಮಾಡಿ. ನಿದ್ದೆಯಲ್ಲಿರುವ ಲ್ಯಾಪ್‌ಟಾಪಿನಲ್ಲಿ ಎನ್‌ಕ್ರಿಪ್ಷನ್‌ನ ಕೀಲಿ ಮೆಮೊರಿಯಲ್ಲೇ ಉಳಿದಿರುತ್ತದೆ. ಪೂರ್ತಿ ಆರಿಸಿದಾಗಲೇ ಬೀಗ ಸರಿಯಾಗಿ ಬೀಳುವುದು. ಆಮೇಲೆ ಸೂಟ್‌ಕೇಸ್‌ನೊಳಗಿಟ್ಟು ಬೀಗ ಹಾಕಿ. ಕಡಲತೀರಕ್ಕೆ ಹೋಗುವಾಗ ಕಾರಿನ ಸೀಟಿನ ಮೇಲೆ ಬ್ಯಾಗ್ ಕಾಣುವಂತೆ ಬಿಡಲೇಬೇಡಿ. ಗಾಜು ಒಡೆಯಲು ಒಂದು ನಿಮಿಷವೂ ಬೇಡ.

ಕಷ್ಟ ಇರುವುದು ಅಪರಿಚಿತರಿಂದ ಅಲ್ಲ, ನಮ್ಮವರಿಂದ. ಅಕ್ಕನ ಮಗನಿಗೆ ಗೇಮ್ ಆಡಬೇಕು. ಚಿಕ್ಕಪ್ಪನಿಗೆ ಪೆನ್‌ಡ್ರೈವ್‌ನಲ್ಲಿರುವ ಮದುವೆ ಫೋಟೋ ನೋಡಬೇಕು. ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಆದರೂ ಹೇಳಲೇಬೇಕು. "ಇದು ಕಂಪನಿದು ಚಿಕ್ಕಪ್ಪ, ಬೇರೆ ಪೆನ್‌ಡ್ರೈವ್ ಹಾಕಿದ್ರೆ ಅಲ್ಲಿ ಗೊತ್ತಾಗುತ್ತೆ, ನನ್ನ ಕೆಲಸಕ್ಕೆ ತೊಂದ್ರೆ. ಟಿವಿಗೆ ಹಾಕಿ ಕೊಡ್ತೀನಿ ಬನ್ನಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಕ್ಕಳಿಗೆ ಬೇರೆ ಟ್ಯಾಬೋ ಹಳೆಯ ಫೋನೋ ಜೊತೆಗೆ ಒಯ್ಯಿರಿ.

ಜೆರಾಕ್ಸ್ ಅಂಗಡಿಯಲ್ಲಿ ಟಿಕೆಟ್ ಪ್ರಿಂಟ್ ಮಾಡಿಸಲು ನಿಮ್ಮ ವಾಟ್ಸಾಪ್ ಅಥವಾ ಮೇಲನ್ನು ಅವರ ಕಂಪ್ಯೂಟರ್‌ನಲ್ಲಿ ತೆರೆಯಬೇಡಿ. ಆ ಒಂದು ಪಿಡಿಎಫ್ ಮಾತ್ರ ಕಳಿಸಿ. ಈಗಾಗಲೇ ತೆರೆದಿದ್ದರೆ ವಾಟ್ಸಾಪ್‌ನ 'ಲಿಂಕ್ಡ್ ಡಿವೈಸಸ್' ನೋಡಿ, ಗೊತ್ತಿಲ್ಲದ್ದನ್ನು ತೆಗೆಯಿರಿ. ಹೋಟೆಲಿನವರು ಗುರುತಿನ ಚೀಟಿ ಕೇಳಿದಾಗ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ಕೊಡುವ ಯುಐಡಿಎಐ ಪ್ರಾಧಿಕಾರದ ತಾಣದಲ್ಲಿ ಸಿಗುತ್ತದೆ, ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ರೂಮಿನ ಟಿವಿಯಲ್ಲಿ ನಿಮ್ಮ ಖಾತೆ ಹಾಕಿದ್ದರೆ ಹೊರಡುವಾಗ ಲಾಗೌಟ್ ಮಾಡಿ.

ಹಂತ 7: ಬರುವ ಕರೆ, ಮೆಸೇಜು, ಲಿಂಕು

ರಜೆಯಲ್ಲಿ ಮನಸ್ಸು ಹಗುರ ಇರುತ್ತದೆ. ಒಂದು ಕೈಯಲ್ಲಿ ಬಿಸಿ ಕಡುಬು, ಇನ್ನೊಂದು ಕೈಯಲ್ಲಿ ಫೋನ್. 'ಲಾಗಿನ್ ಆಗುತ್ತಿರುವುದು ನೀವೇನಾ?' ಅಂತ ಒಂದು ನೋಟಿಫಿಕೇಷನ್ ಬರುತ್ತದೆ. ನೀವು ಲಾಗಿನ್ ಮಾಡುತ್ತಿಲ್ಲ. ಬೇಡ ಅನ್ನುತ್ತೀರಿ. ಮತ್ತೆ ಬರುತ್ತದೆ, ಮತ್ತೆ, ಮತ್ತೆ. ಕಿರಿಕಿರಿ ತಾಳದೆ 'ಹೌದು' ಒತ್ತಿಬಿಡುತ್ತೀರಿ.

2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಯ ಒಳಗೆ ದಾಳಿಕೋರ ನುಗ್ಗಿದ್ದು ಹೀಗೆಯೇ. ಗುತ್ತಿಗೆ ಕೆಲಸಗಾರರೊಬ್ಬರ ಪಾಸ್‌ವರ್ಡ್ ಅವನಿಗೆ ಸಿಕ್ಕಿತ್ತು. ಪದೇ ಪದೇ ಒಪ್ಪಿಗೆಯ ಕೋರಿಕೆ ಹೋಯಿತು. ಕೊನೆಗೊಂದನ್ನು ಅವರು ಒಪ್ಪಿಬಿಟ್ಟರು. ಕಂಪನಿಯೇ ಇದನ್ನು ಬಹಿರಂಗವಾಗಿ ಹೇಳಿಕೊಂಡಿತು. ನೀವು ಕೇಳದೆ ಒಂದು ಕೋರಿಕೆ ಬಂತು ಅಂದರೆ ನಿಮ್ಮ ಪಾಸ್‌ವರ್ಡ್ ಆಗಲೇ ಯಾರಿಗೋ ಗೊತ್ತಾಗಿದೆ ಅಂತಲೇ ತಿಳಿಯಿರಿ. ನಿರಾಕರಿಸಿ, ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡಿ, ಪಾಸ್‌ವರ್ಡ್ ಬದಲಾಯಿಸಿ. ಐಟಿಯವರು ಅಂತ ಯಾರಾದರೂ ಕರೆ ಮಾಡಿ ಕೋಡ್ ಕೇಳಿದರೆ ಕರೆ ಕಟ್ ಮಾಡಿ, ಚೀಟಿಯಲ್ಲಿರುವ ನಂಬರಿಗೆ ನೀವೇ ಮಾಡಿ. ನಾವು ಕೋಡ್ ಕೇಳುವುದಿಲ್ಲ. ಎಂದೂ ಕೇಳುವುದಿಲ್ಲ.

ವಾಟ್ಸಾಪ್‌ನಲ್ಲಿ ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ನೋಟಿಸ್ ಅಂತ ಬರುವ ಫೈಲಿನ ಹೆಸರಿನ ಕೊನೆ ನೋಡಿ. ಅಲ್ಲಿ 'ಎಪಿಕೆ' ಇದ್ದರೆ ಅದು ಆಮಂತ್ರಣವಲ್ಲ, ಆ್ಯಪ್. ಪರಿಚಿತರ ನಂಬರಿನಿಂದ ಬಂದರೂ ತೆರೆಯಬೇಡಿ. ಅವರ ಫೋನ್ ಮೊದಲೇ ಮೋಸಗಾರರ ಕೈವಶ ಆಗಿರಬಹುದು. "ಬುಕಿಂಗ್ ರದ್ದಾಗುತ್ತದೆ, ಈ ಲಿಂಕ್‌ನಲ್ಲಿ ಮತ್ತೆ ಹಣ ಕಟ್ಟಿ" ಅಂತ ಬಂದರೆ ಹೋಟೆಲಿಗೇ ಫೋನ್ ಮಾಡಿ ಕೇಳಿ.

ಫೋಟೋ ಹಾಕುವುದರಲ್ಲೂ ಎಚ್ಚರ ಬೇಕು. 2020ರಲ್ಲಿ ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಾಟ್ ಇನ್‌ಸ್ಟಾಗ್ರಾಮ್‌ನಲ್ಲಿ ಬೋರ್ಡಿಂಗ್ ಪಾಸ್ ಚಿತ್ರ ಹಾಕಿದರು. ಅದರಲ್ಲಿದ್ದ ಬುಕಿಂಗ್ ಸಂಖ್ಯೆ ಹಿಡಿದು ಒಬ್ಬ ಸಂಶೋಧಕ ಅವರ ಪಾಸ್‌ಪೋರ್ಟ್ ನಂಬರ್‌ವರೆಗೆ ತಲುಪಿದ. ಕಾಫಿ ತೋಟದ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟ ಚಿತ್ರ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಪರದೆಯಲ್ಲಿರುವುದನ್ನು ಯಾರು ಬೇಕಾದರೂ ದೊಡ್ಡದು ಮಾಡಿ ಓದಬಹುದು.

ಹಂತ 8: ವಿದೇಶವಾದರೆ

ಒಟಿಪಿ ಬರುವ ಭಾರತದ ಸಿಮ್ ಫೋನಿನಲ್ಲೇ ಇರಲಿ, ರೋಮಿಂಗ್ ಆನ್ ಇರಲಿ. ಡೇಟಾಕ್ಕೆ ಅಲ್ಲಿನ ಸಿಮ್ ಅಥವಾ ಇಸಿಮ್ ಹಾಕಿಕೊಳ್ಳಿ. ಯಾವ ದೇಶ, ಯಾವ ದಿನಗಳು ಅಂತ ಐಟಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಬ್ಯಾಂಕಾಕ್‌ನಿಂದ ಲಾಗಿನ್ ಆದ ಕೂಡಲೇ ಕಳ್ಳ ಲಾಗಿನ್ ಅಂದುಕೊಂಡು ಖಾತೆ ಬಂದ್ ಆಗಬಹುದು. ದುಬೈನಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ ಅಂತ ಸಿಕ್ಕ ವಿಪಿಎನ್ ಹಾಕಿಕೊಳ್ಳಬೇಡಿ. ಯುಎಇಯಲ್ಲಿ ವಿಪಿಎನ್ ದುರ್ಬಳಕೆಗೆ ಕಠಿಣ ಕಾನೂನಿದೆ. ವಲಸೆ ಅಧಿಕಾರಿಗಳು ಸಾಧನ ತೆರೆದು ತೋರಿಸಲು ಹೇಳಿದರೆ ವಾದ ಮಾಡಬೇಡಿ. ಇದು ಕಂಪನಿಯ ಸಾಧನ ಅಂತ ವಿನಯದಿಂದ ಹೇಳಿ. ಅವರು ತೆಗೆದುಕೊಂಡು ನೋಡಿದ್ದರೆ ಹೊರಗೆ ಬಂದ ಕೂಡಲೇ ಆಫೀಸಿಗೆ ತಿಳಿಸಿ.

ಹಂತ 9: ಕಳೆದೇ ಹೋಯಿತು. ಈಗ?

ಮೊದಲ ಒಂದು ಗಂಟೆ ಮುಖ್ಯ. ಈ ಕ್ರಮದಲ್ಲಿ ಮಾಡಿ.

1. ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡಿ. ಹುಡುಕಿ ನೋಡಿ ಆಮೇಲೆ ಹೇಳೋಣ ಅಂತ ಕಾಯಬೇಡಿ. ದೂರದಿಂದಲೇ ಲಾಕ್ ಮಾಡಲು, ಅಳಿಸಲು ಸಾಧನ ಇಂಟರ್ನೆಟ್‌ಗೆ ಸೇರಬೇಕು. ನಮ್ಮ ಆದೇಶ ಮೊದಲೇ ಕಾದು ಕೂತಿದ್ದರೆ ಅದು ಸೇರಿದ ಕೂಡಲೇ ಕೆಲಸ ಆಗುತ್ತದೆ. ಅಷ್ಟರಲ್ಲಿ ನಿಮ್ಮ ಲಾಗಿನ್‌ಗಳನ್ನೂ ನಾವು ನಿಲ್ಲಿಸಬಹುದು.

2. ನಂಬಿಕೆಯ ಬೇರೆ ಫೋನಿನಿಂದ ಮೇಲ್ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ಫೋನ್ ಹೋಗಿದ್ದರೆ ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

3. ಪೊಲೀಸ್ ದೂರು ಕೊಡಿ. 'ಇದು ನಮ್ಮ ವ್ಯಾಪ್ತಿ ಅಲ್ಲ, ಅಲ್ಲಿಗೆ ಹೋಗಿ' ಎಂಬ ಮಾತಿಗೆ ಸುಮ್ಮನಾಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಕಳವಿನಂಥ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ದಾಖಲಿಸಬಹುದು. ಜನ ಇದನ್ನು ಜೀರೋ ಎಫ್‌ಐಆರ್ ಅನ್ನುತ್ತಾರೆ. ರೈಲಿನಲ್ಲಾದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ. ಬಸ್ಸಾದರೆ ಟಿಕೆಟ್ ಮೆಸೇಜಿನಲ್ಲಿ ಬಸ್ ನಂಬರ್, ಸಿಬ್ಬಂದಿಯ ನಂಬರ್ ಇರುತ್ತದಾ ನೋಡಿ.

4. ಫೋನಾದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ, ಕಳೆದ ಫೋನ್ ಬಂದ್ ಮಾಡಿಸುವ ಸಿಇಐಆರ್ ವಿಭಾಗದಲ್ಲಿ ಐಎಂಇಐ ಬಂದ್ ಮಾಡಿಸಿ. ದೂರಿನ ಪ್ರತಿ ಬೇಕಾಗುತ್ತದೆ, ಫೋನ್ ಕೊಂಡ ಬಿಲ್ ಕೂಡ ಕೇಳಬಹುದು. ಕಂಪನಿಯ ಫೋನಾದರೆ ಬಿಲ್ ಕಂಪನಿಯ ಹತ್ತಿರ ಇರುತ್ತದೆ, ಕೇಳಿ ತರಿಸಿಕೊಳ್ಳಿ.

ಮ್ಯಾಪ್‌ನಲ್ಲಿ ಫೋನ್ ಇರುವ ಜಾಗ ಕಂಡಿತು ಅಂತ ಒಬ್ಬರೇ ಹುಡುಕಿಕೊಂಡು ಹೋಗಬೇಡಿ. ಪೊಲೀಸರಿಗೆ ತೋರಿಸಿ. ಸಾಧನ ವಾಪಸ್ ಸಿಕ್ಕರೂ ಆನ್ ಮಾಡಿ ಬಳಸಬೇಡಿ. ಐಟಿಯವರು ಪರೀಕ್ಷಿಸಲಿ.

ಬೈಗುಳದ ಭಯಕ್ಕೆ ಜನ ಸೋಮವಾರದವರೆಗೆ ಬಾಯಿ ಬಿಡುವುದಿಲ್ಲ. ಶುಕ್ರವಾರ ರಾತ್ರಿ ಕಳೆದ ಲ್ಯಾಪ್‌ಟಾಪ್‌ ಬಗ್ಗೆ ಸೋಮವಾರ ಹತ್ತು ಗಂಟೆಗೆ ಗೊತ್ತಾದರೆ ನಾವು ಮಾಡಬಹುದಾದ್ದು ಬಹಳ ಕಡಿಮೆ. ಡೇಟಾ ಸೋರಿಕೆ, ಅಕ್ರಮ ಪ್ರವೇಶದಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್ ಇನ್ 2022ರ ಏಪ್ರಿಲ್‌ನಲ್ಲೇ ಕಂಪನಿಗಳಿಗೆ ನಿರ್ದೇಶನ ಕೊಟ್ಟಿದೆ. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೂ ನಮಗೆ ಬೇಜಾರಿಲ್ಲ. ಇದನ್ನು ಓದುತ್ತಿರುವ ಮ್ಯಾನೇಜರ್‌ಗಳಿಗೂ ಒಂದು ಮಾತು: ಬೇಗ ಹೇಳಿದವರ ಮೇಲೆ ರೇಗಬೇಡಿ. ಒಬ್ಬರನ್ನು ಎಲ್ಲರೆದುರು ಬೈದರೆ ಮುಂದಿನವರು ಮುಚ್ಚಿಡುತ್ತಾರೆ.

ಹಂತ 10: ವಾಪಸ್ ಬಂದ ಮೇಲೆ

ಪ್ರವಾಸದಲ್ಲಿ ಸೇರಿದ್ದ ವೈಫೈಗಳನ್ನು ಅಳಿಸಿ, ಬಾಕಿ ಅಪ್‌ಡೇಟ್ ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಮೇಲ್ ಖಾತೆಯ 'ಇತ್ತೀಚಿನ ಲಾಗಿನ್' ಪಟ್ಟಿ ನೋಡಿ. ನೀವು ಹೋಗದ ಊರಿನಿಂದ ಲಾಗಿನ್ ಆಗಿದ್ದರೆ ಐಟಿಗೆ ಹೇಳಿ. ಬೇರೆಯವರ ಕಂಪ್ಯೂಟರ್‌ನಲ್ಲಿ ಯಾವುದಾದರೂ ಪಾಸ್‌ವರ್ಡ್ ಹಾಕಿದ್ದರೆ ಬದಲಾಯಿಸಿ. ಆಟೋ ರಿಪ್ಲೈ ತೆಗೆಯಿರಿ.

ಸೋಮವಾರ ಬೆಳಿಗ್ಗೆ ಇನ್‌ಬಾಕ್ಸ್‌ನಲ್ಲಿ ನೂರಾರು ಮೇಲ್ ಇರುತ್ತವೆ. ಹಳೆಯದರಿಂದ ಶುರು ಮಾಡಿ ಒಂದೊಂದೇ ಲಿಂಕ್ ಒತ್ತುತ್ತಾ ಬರಬೇಡಿ. ಹೊಸದರಿಂದ ಹಿಂದಕ್ಕೆ ಓದಿ. ಮಂಗಳವಾರ ಬಂದ 'ತುರ್ತು, ಕೂಡಲೇ ಲಾಗಿನ್ ಆಗಿ' ಎಂಬ ಮೇಲ್‌ಗೆ, ಬುಧವಾರವೇ ನಮ್ಮ ತಂಡದವರು 'ಅದು ಮೋಸದ ಮೇಲ್, ಯಾರೂ ಒತ್ತಬೇಡಿ' ಅಂತ ಬರೆದಿರಬಹುದು.